ಮೂರನೆಯ ಶುದ್ಧಿ

ಒಂದು ಆಶ್ರಮವಿತ್ತು. ಆಶ್ರಮವೆಂದರೆ ಪರ್ಣಕುಟಿ, ಜಿಂಕೆಮರಿ ಎಂದುಕೊಳ್ಳಬೇಡಿ. ಅದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಎರಡನೇ ಮಹಡಿಯ ಕೊನೆಯ ಕೋಣೆ. ಹೋಮದ ಹೊಗೆಯ ಬದಲು ಅಲ್ಲಿ ಅಸಿಟೋನಿನ ವಾಸನೆ ಬರುತ್ತಿತ್ತು.

ಗುರುಗಳ ಹೆಸರು ವೃಷಭೇಂದ್ರಯ್ಯ. ಅಣುಗಳನ್ನು ಕೂಡಿಸುವುದು ಅವರ ಕೆಲಸ.

ಪಾಲಿಮರ್ ಎಂದರೆ ಅಣುಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಉದ್ದದ ಸರಪಳಿ. ನಮ್ಮ ಬಕೆಟ್ಟು, ಚಪ್ಪಲಿ, ಹಾಲಿನ ಪ್ಯಾಕೆಟ್ಟು ಎಲ್ಲ ಅದೇ. ಆದರೆ ಗುರುಗಳ ಪ್ರೀತಿ ಇನ್ನೊಂದು ಜಾತಿಯ ಅಣುಗಳ ಮೇಲೆ. ಅವು ಬೆಸುಗೆಯಿಲ್ಲದೆ ಸುಮ್ಮನೆ ಕೈ ಕೈ ಹಿಡಿದುಕೊಂಡು ಎಳೆಯಾಗುತ್ತವೆ. ಎಳೆಗಳು ಸೇರಿ ಬಲೆಯಾಗುತ್ತವೆ. ಬಲೆ ನೀರನ್ನು ಹಿಡಿದು ನಿಲ್ಲಿಸುತ್ತದೆ. ಹಾಗೆ ನಿಂತದ್ದಕ್ಕೆ ಜೆಲ್ ಎನ್ನುತ್ತಾರೆ.

ಜೆಲ್ ಆಯಿತೋ ಇಲ್ಲವೋ ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಸೀಸೆಯನ್ನು ತಲೆಕೆಳಗು ಮಾಡಿದರೆ ಸಾಕು. ಸುರಿದರೆ ನೀರು, ನಿಂತರೆ ಜೆಲ್.

ಆ ಕೋಣೆಯಲ್ಲಿ ಇದಕ್ಕೊಂದು ಪದ್ಧತಿಯಿತ್ತು. ಹಿಂದಿನ ದಿನ ಮಾಡಿಟ್ಟ ಸೀಸೆಗಳನ್ನು ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೆದುರು ತಿರುಗಿಸಬೇಕು. ಮಾಡಿದವರೇ ತಿರುಗಿಸಬೇಕು. ತಿರುಗಿಸಿದವರೇ ಮತ್ತೆ ನೇರ ಮಾಡಬೇಕು. ಒಬ್ಬರ ಸೀಸೆಗೆ ಇನ್ನೊಬ್ಬರ ಕೈ ಹೋಗಕೂಡದು.

“ಯಾಕೆ ಸಾರ್ ಹಾಗೆ?” ಎಂದು ಹೊಸಬರು ಕೇಳುತ್ತಿದ್ದರು.

“ಬಿದ್ರೆ ಅಳೋನು ಅವನೇ ತಾನೇ?” ಎನ್ನುತ್ತಿದ್ದರು ಗುರುಗಳು.

ಅಲ್ಲಿನ ಶಿಷ್ಯರಲ್ಲಿ ಇಬ್ಬರ ಕಥೆ ಇದು.

ಹಿರಿಯವನು ಇಂದುಧರ. ಅವನಿಗೆ ಶುದ್ಧಿಯ ಹುಚ್ಚು. ಮಾಡಿದ ವಸ್ತುವನ್ನು ಬಿಸಿ ದ್ರಾವಕದಲ್ಲಿ ಕರಗಿಸಿ, ಆರಿಸಿ, ಹರಳು ಕಟ್ಟಿಸಿ, ಸೋಸಿಕೊಳ್ಳುವುದಕ್ಕೆ ಅಲ್ಲಿ ಶುದ್ಧಿ ಎನ್ನುತ್ತಿದ್ದರು. ಕೊಳೆ ದ್ರಾವಣದಲ್ಲಿ ಉಳಿಯುತ್ತದೆ, ಹರಳು ಕೈಗೆ ಸಿಗುತ್ತದೆ. ಮೂರು ಶುದ್ಧಿ ಆಗಬೇಕು ಎಂಬುದು ಕೋಣೆಯ ನಿಯಮ. ಇಂದುಧರ ನಾಲ್ಕು ಮಾಡುತ್ತಿದ್ದ.

“ಇವನನ್ನ ಹಾಗೇ ಬಿಟ್ರೆ ಗಂಗೇನೂ ಸೋಸಿಬಿಡ್ತಾನೆ” ಎಂದು ಗುರುಗಳು ನಗುತ್ತಿದ್ದರು. ನಗುವಿನಲ್ಲಿ ಹೆಮ್ಮೆಯೂ ಇತ್ತು. ಶಿಷ್ಯನಿಗೆ ಅದು ಗೊತ್ತಿತ್ತು.

ಕಿರಿಯವಳು ಮಾದೇವಿ. ಕೊಳ್ಳೇಗಾಲದ ಕಡೆಯವಳು, ರೇಷ್ಮೆ ನೂಲು ಬಿಚ್ಚುವವರ ಮಗಳು. ಬೆಂದ ಗೂಡಿನಿಂದ ಕಂಡೂ ಕಾಣದ ಎಳೆಯನ್ನು ಎತ್ತುವ ಮನೆಯಲ್ಲಿ ಬೆಳೆದಿದ್ದಳು. ಮಾತು ಕಡಿಮೆ, ಕೈ ಚುರುಕು.

ಇಂದುಧರನ ಪ್ರಬಂಧ ಆಗತಾನೇ ಮುಗಿದಿತ್ತು. ನಾಲ್ಕು ವರ್ಷದ ದುಡಿಮೆ. ಅದರ ಸಾರ ಇಷ್ಟು: ಗುರುಗಳ ಅಣು ತಾನಾಗಿಯೇ ಬಲೆ ಹೆಣೆಯುವುದಿಲ್ಲ, ಹರಳಾಗಿ ತಳಕ್ಕೆ ಕೂರುತ್ತದೆ. ಪಾಲಿಮರಿನ ಸರಪಳಿಗೆ ಕಟ್ಟಿದರೆ ಮಾತ್ರ ನಿಲ್ಲುತ್ತದೆ.

ಪ್ರಬಂಧ ಒಪ್ಪಿಸಿದ ಮರುವಾರ ಮಾದೇವಿ ತನ್ನ ಸೀಸೆ ತಿರುಗಿಸಿದಳು. ಅದರಲ್ಲಿ ಪಾಲಿಮರ್ ಇರಲಿಲ್ಲ. ಬರೀ ಅಣು, ಬರೀ ನೀರು.

ಅದು ನಿಂತಿತು.

ಗುರುಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಏನಮ್ಮ ಮಾಡ್ದೆ?”

“ಏನೂ ಇಲ್ಲ ಸಾರ್. ಯಾವಾಗ್ಲೂ ಮಾಡೋ ಹಾಗೇ.”

ಇಂದುಧರ ತನ್ನ ಪುಡಿ ತೆಗೆದುಕೊಂಡ. ಆ ದಿನವೂ ಮರುದಿನವೂ ಕೂತು ತಾನೇ ಮಾಡಿ ನೋಡಿದ. ಮೂರು ಸಲ ಮಾಡಿದ, ಮೂರು ಸಲವೂ ಬಿತ್ತು. ಅವನ ಎದೆ ಹಗುರಾಯಿತು. ನಿಜ ಹೇಳಬೇಕೆಂದರೆ, ಅದು ಹಗುರಾದದ್ದೇ ಅವನ ಮೊದಲ ತಪ್ಪು.

“ಸಾರ್, ಅವಳು ಚೈನಾಗ್ರಾಸ್ ಹಾಕಿದ್ದಾಳೆ” ಎಂದ ಗುರುಗಳ ಬಳಿ.

ಚೈನಾಗ್ರಾಸ್ ಗೊತ್ತಲ್ಲ, ಸಿಹಿ ಮಾಡುವಾಗ ಹಾಲು ಗಟ್ಟಿಯಾಗಲೆಂದು ಹಾಕುವ ಬಿಳಿಯ ಎಳೆ. ಒಂದು ಚಿಟಿಕೆ ಸಾಕು, ಎಂಥ ನೀರೂ ನಿಲ್ಲುತ್ತದೆ.

“ನೋಡಿದ್ಯಾ?” ಎಂದರು ಗುರುಗಳು.

“ನೋಡಬೇಕಾಗಿಲ್ಲ ಸಾರ್. ಶುದ್ಧವಾದದ್ದು ನಿಲ್ಲಲ್ಲ. ಅವಳದ್ದು ನಿಂತಿದೆ. ಮತ್ತಿನ್ನೇನು?”

ಮಾತು ಕೋಣೆಯಿಂದ ಕಾರಿಡಾರಿಗೆ, ಕಾರಿಡಾರಿನಿಂದ ವಿಭಾಗದ ಮುಖ್ಯಸ್ಥರ ಕಿವಿಗೆ ಹೋಯಿತು. ಮೂವರು ಅಧ್ಯಾಪಕರ ಮುಂದೆ ಪರೀಕ್ಷೆ ಗೊತ್ತಾಯಿತು. ಮಾದೇವಿ ಅವರೆದುರು ಮತ್ತೆ ಜೆಲ್ ಮಾಡಿ ತೋರಿಸಬೇಕು.

ಇಂದುಧರ ತಾನು ಶುದ್ಧಿ ಮಾಡಿದ ಪುಡಿಯನ್ನು ತಂದು ಮೇಜಿನ ಮೇಲಿಟ್ಟ.

“ನನ್ನ ಪುಡೀಲಿ ಮಾಡ್ತೀನಿ” ಎಂದಳು ಮಾದೇವಿ.

“ನಿಮ್ಮದು ಎರಡೇ ಶುದ್ಧಿ. ಕೊಳೆ. ಶುದ್ಧವಾದದ್ದು ಕೊಡದ ಫಲಿತಾಂಶ ಕೊಳೆಯಾದದ್ದು ಕೊಡುತ್ತಾ?” ಎಂದ ಇಂದುಧರ.

ಮೂವರು ಅಧ್ಯಾಪಕರೂ ತಲೆಯಾಡಿಸಿದರು. ರಸಾಯನಶಾಸ್ತ್ರ ಓದಿದ ಯಾರಾದರೂ ತಲೆಯಾಡಿಸುವ ಮಾತೇ ಅದು.

ಅವಳು ಇಂದುಧರನ ಪುಡಿಯಲ್ಲೇ ಮಾಡಿದಳು. ಮರುದಿನ ಒಂಬತ್ತಕ್ಕೆ ತಿರುಗಿಸಿದಳು. ಬಿತ್ತು. ಇನ್ನೊಮ್ಮೆ ಮಾಡಿದಳು. ಅದೂ ಬಿತ್ತು.

ಅವಳು ಇನ್ನೂ ನೇರ ಮಾಡದಿದ್ದ ಮೊದಲಿನ ಸೀಸೆ ಗುರುಗಳ ಬೀರುವಿನಲ್ಲಿ ತಲೆಕೆಳಗಾಗಿ ನಿಂತೇ ಇತ್ತು. ಅದರ ಮುಚ್ಚಳ ತೆಗೆದು ಒಂದು ಚೂರು ಪರೀಕ್ಷಿಸಿದ್ದರೆ ಚೈನಾಗ್ರಾಸ್ ಇದೆಯೋ ಇಲ್ಲವೋ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಯಾರೂ ತೆಗೆಯಲಿಲ್ಲ. ತೆಗೆಯೋಣ ಎಂದು ಯಾರೂ ಅನ್ನಲೂ ಇಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಅವಳನ್ನು ಸಂಶೋಧನೆಯಿಂದ ತೆಗೆಯುವ ಕಾಗದ ಗುರುಗಳ ಮುಂದೆ ಬಂತು. ಅವರ ರುಜು ಬೇಕಿತ್ತು.

“ನಾನು ಏನೂ ಹಾಕಿಲ್ಲ ಸಾರ್” ಎಂದಳು ಮಾದೇವಿ.

ಗುರುಗಳು ಅವಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಪೆನ್ನಿನ ಕ್ಯಾಪು ತೆಗೆದರು.

ಅವಳು ತನ್ನ ಬಿಳಿ ಕೋಟನ್ನು ಮಡಿಸಿ ಸ್ಟೂಲಿನ ಮೇಲಿಟ್ಟು ಹೋದಳು. ಒಂದು ವಾರ ಆ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ಆಮೇಲೆ ಕೂತರು.

ಇಪ್ಪತ್ತೆರಡು ವರ್ಷ ಕಳೆಯಿತು.

ಇಂದುಧರ ದೊಡ್ಡ ಹೆಸರು ಮಾಡಿದ. ಅದೇ ಅಣುವನ್ನು ಪಾಲಿಮರಿಗೆ ಕಟ್ಟಿ, ಗೀರು ಬಿದ್ದರೆ ತಾನೇ ಕೂಡಿಕೊಳ್ಳುವ ಲೇಪ ಮಾಡಿದ. ದೇಶ ವಿದೇಶ ತಿರುಗಿದ. ಎಷ್ಟು ಶಾಲು ಬಂತೆಂದರೆ, ಹೊದೆಯಲು ಅಷ್ಟು ಚಳಿ ನಮ್ಮ ಸೀಮೆಯಲ್ಲಿಲ್ಲ.

ಗುರುಗಳು ನಿವೃತ್ತರಾಗಿ ಕಪಿಲೆಯ ದಡದ ಒಂದು ಪುಟ್ಟ ಮನೆ ಸೇರಿದ್ದರು. ಎಂಬತ್ತೊಂದು ವಯಸ್ಸು. ಹೆಂಡತಿ ತೀರಿಕೊಂಡಿದ್ದರು. ಅಡುಗೆ ಅವರದೇ.

ಒಂದು ಸಂಜೆ ಶಿಷ್ಯ ಬಂದ. ಗುರುಗಳು ಹಾಲು ಆರಿಸುತ್ತ ಕೂತಿದ್ದರು.

“ಏನೋ ಇಂದು, ಹೀಗೆ ಸೊರಗಿದ್ದೀಯ? ಊಟ ಗೀಟ ಬಿಟ್ಟಿದ್ದೀಯಾ?”

“ಸಾರ್, ಮಾದೇವಿ ನೆನಪಿದ್ದಾಳಾ?”

ಗುರುಗಳ ಕೈಯ ಚಮಚ ನಿಂತಿತು.

“ಹೇಳು” ಎಂದರು.

“ನನ್ನ ಹತ್ರ ಹೊಸದಾಗಿ ಒಬ್ಬಳು ಸೇರಿದ್ದಾಳೆ. ಸೋಮಾರಿ. ಮೂರು ಶುದ್ಧಿ ಮಾಡು ಅಂದ್ರೆ ಎರಡಕ್ಕೇ ನಿಲ್ಲಿಸಿದ್ಲು. ಸೀಸೆ ನಿಂತುಬಿಡ್ತು ಸಾರ್. ಪಾಲಿಮರ್ ಇಲ್ದೆ, ಏನೂ ಇಲ್ದೆ.”

“ನೀನೇನ್ ಮಾಡ್ದೆ?”

“ಬೈದೆ. ಮೂರನೇ ಶುದ್ಧಿ ಮಾಡಿಸ್ದೆ. ಬಿದ್ದುಹೋಯ್ತು.”

“ಆಮೇಲೆ?”

“ಆಮೇಲೆ ನನಗೆ ಊಟ ಸೇರಲಿಲ್ಲ. ಆರು ತಿಂಗಳು ನಾನೇ ಕೂತು ಮಾಡ್ದೆ. ಮೂರನೇ ಶುದ್ಧೀಲಿ ಹೋಗೋ ಕೊಳೆ ಇದೆಯಲ್ಲ ಸಾರ್, ಬೇಕಾಗಿದ್ದದ್ದು ಅದೇ. ನೂರಕ್ಕೆ ಅರ್ಧ ಪಾಲೂ ಇಲ್ಲ. ಅದಿದ್ರೆ ಎಳೆಗಳು ಸಾಲಾಗಿ ಜೋಡಿಸಿಕೊಳ್ಳೋಕೆ ಆಗಲ್ಲ. ಅಲ್ಲಲ್ಲಿ ಎಡವಿ ಕವಲು ಒಡೀತವೆ. ಕವಲು ಒಡೆದ್ರೇ ಬಲೆ. ಕೊಳೆ ಪೂರ್ತಿ ಹೋಯ್ತೋ, ಎಲ್ಲ ಶಿಸ್ತಾಗಿ ಸಾಲು ಹಿಡಿದು ಹರಳಾಗಿ ತಳ ಸೇರ್ತವೆ.”

ಗುರುಗಳು ಹಾಲಿಗೆ ಅರ್ಧ ಚಮಚ ಹಳೆಯ ಮೊಸರು ಬೆರೆಸಿ ತಟ್ಟೆ ಮುಚ್ಚಿದರು.

ಶಿಷ್ಯ ಆ ಪಾತ್ರೆಯನ್ನೇ ದಿಟ್ಟಿಸಿದ. “ಅರ್ಥ ಆಯ್ತು ಸಾರ್. ಹೆಪ್ಪಿಲ್ಲದೆ ಹಾಲು ಮೊಸರಾಗಲ್ಲ. ಅದನ್ನೇ ತೋರಿಸ್ತಿದ್ದೀರಿ.”

“ಏನೂ ತೋರಿಸ್ತಿಲ್ಲ ಕಣೋ. ನಾಳೆ ಊಟಕ್ಕೆ ಮೊಸರು ಬೇಡ್ವಾ?”

ಗುರು ಕೆಮ್ಮಿದರೂ ಉಪದೇಶ ಹುಡುಕುವುದು ಶಿಷ್ಯರಿಗೆ ಅಂಟಿದ ರೋಗ. ಇಂದುಧರ ನಾಚಿಕೊಂಡ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು.

ಅವನೇ ಮತ್ತೆ ಮಾತು ತೆಗೆದ.

“ಅವಳದ್ದು ನಿಜವಾಗಿತ್ತು ಸಾರ್. ನಾನು ಅವಳ ಬಾಳು ಹಾಳು ಮಾಡ್ದೆ.”

“ಹೂಂ.”

“ನಾನು ಹೇಳಿದ್ದನ್ನ ನೀವು ನಂಬಿದ್ರಿ. ಅದಕ್ಕೇ ರುಜು ಹಾಕಿದ್ರಿ. ತಪ್ಪೆಲ್ಲ ನನ್ನದೇ. ನಿಮ್ಮ ಕೈಲಿ ತಪ್ಪು ಮಾಡಿಸಿದ್ದೂ ನಾನೇ.”

ಗುರುಗಳು ಎದ್ದು ಮುಚ್ಚಿದ ತಟ್ಟೆಯನ್ನೇ ಇನ್ನೊಮ್ಮೆ ಸರಿಮಾಡಿದರು. ಮೊಸರಿನ ಪಾತ್ರೆಯನ್ನು ಇಲ್ಲಿಂದ ಅಲ್ಲಿಗಿಟ್ಟರು. ಆಮೇಲೆ ಒಳಗೆ ಹೋಗಿ, ಕೈಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಬಂದರು.

ಅದೊಂದು ಹೆಬ್ಬೆರಳುದ್ದದ ಗಾಜಿನ ಸೀಸೆ. ಮುಚ್ಚಳ ಕೆಳಗೆ, ತಳ ಮೇಲೆ. ಮುಚ್ಚಳದ ಸುತ್ತ ಮೇಣ. ತಳದಲ್ಲಿ ಹಾಲು ಬೆರೆಸಿದಂಥ ಮಸುಕು ಬಿಳಿ ಅಂಟಿಕೊಂಡು ನಿಂತಿತ್ತು. ಸ್ವಲ್ಪ ಕುಗ್ಗಿತ್ತು. ಮುಚ್ಚಳದ ಬಳಿ ಒಂದೆರಡು ಹನಿ ನೀರು ಬಿಟ್ಟಿತ್ತು. ಚೀಟಿಯ ಮೇಲೆ ಮಾದೇವಿಯ ದುಂಡನೆಯ ಅಕ್ಷರ.

ಶಿಷ್ಯ ಚೀಟಿಯ ಹತ್ತಿರ ಮುಖ ತಂದ.

“ಇದು... ಇನ್ನೂ ಬಿದ್ದಿಲ್ವಾ?”

“ಇಲ್ಲ.”

“ನೇರ ಮಾಡ್ಲಿಲ್ವಾ ನೀವು?”

“ನಾನು ಹೇಗೆ ಮಾಡ್ಲಿ? ತಿರುಗಿಸಿದೋಳು ಅವಳು.”

“ಅಲ್ಲಿಂದ ಇಲ್ಲಿಗೆ ಬರುವಾಗ?”

“ಸಾಮಾನೆಲ್ಲ ಲಾರೀಲಿ ಬಂತು. ಇದನ್ನ ಹೀಗೇ ಹಿಡ್ಕೊಂಡು ನಾನು ಬಸ್ಸಲ್ಲಿ ಬಂದೆ.”

ಇಂದುಧರ ತಲೆ ತಗ್ಗಿಸಿದ. ಎಷ್ಟೋ ವರ್ಷದಿಂದ ಅಳದೇ ಇದ್ದವನು ಅತ್ತುಬಿಟ್ಟ. ಗುರುಗಳು ಸಮಾಧಾನ ಮಾಡಲಿಲ್ಲ, ಒಂದು ಲೋಟ ನೀರು ಕೊಟ್ಟರು.

“ಒಂದು ಮಾತು ಹೇಳಬಾರದಿತ್ತಾ ಸಾರ್, ಇದು ನಿಂತೇ ಇದೆ ಅಂತ?”

“ಹೇಳಬೇಕಿತ್ತು” ಎಂದರು ಗುರುಗಳು.

ಅಷ್ಟೇ ಅಂದರು. ಅದಕ್ಕೆ ಯಾವ ಕಾರಣವನ್ನೂ ಜೋಡಿಸಲಿಲ್ಲ.

ಶಿಷ್ಯ ಚೀಲದಿಂದ ಕಾಗದ ತೆಗೆದ. “ಎಲ್ಲ ಬರೆದಿದ್ದೀನಿ ಸಾರ್. ಅವಳ ಹೆಸರೇ ಮೊದಲು. ನನ್ನ ಹಳೇ ಪ್ರಬಂಧದ ತೀರ್ಮಾನ ತಪ್ಪು ಅಂತಾನೂ ಬರೆದಿದ್ದೀನಿ. ನೋಡಿ ಹೇಳಿ.”

ಗುರುಗಳು ಭೂತಗನ್ನಡಿ ಹಿಡಿದು ಪೂರ್ತಿ ಓದಿದರು. ಎಳೆಗಳ ಚಿತ್ರ ನೋಡಿದರು. ಕೊನೆಯ ಪುಟ ಮಗುಚಿ ಹಿಂದೆಯೂ ನೋಡಿದರು.

“ಚೈನಾಗ್ರಾಸ್ ಎಲ್ಲೋ?”

“ಆಂ?”

“ಚೈನಾಗ್ರಾಸ್ ಹಾಕಿದ್ಲು ಅಂದ್ಯಲ್ಲ. ಅದನ್ನ ಎಲ್ಲಿ ಬರೆದಿದ್ದೀಯ?”

“ಅದು... ಅದು ವಿಜ್ಞಾನ ಅಲ್ಲವಲ್ಲ ಸಾರ್.”

ಗುರುಗಳು ಕಾಗದಗಳನ್ನು ಅಂಚು ಕೂಡಿಸಿ ವಾಪಸು ಕೊಟ್ಟರು.

“ಈ ಕೊಳೇನೂ ಸೋಸಿಬಿಟ್ಯಾ?”

ಶಿಷ್ಯ ಪೆನ್ನು ಹುಡುಕಿದ. ಕೊನೆಯ ಪುಟದ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಎರಡು ಸಾಲು ಬರೆದ. ಎರಡು ಸಾಲು ಬರೆಯಲು ಕತ್ತಲಾಗುವವರೆಗೂ ಹಿಡಿಯಿತು. ಗುರುಗಳು ಅದನ್ನು ತೋರಿಸು ಎನ್ನಲಿಲ್ಲ.

“ಅವಳು ಎಲ್ಲಿದ್ದಾಳೋ ಹುಡುಕಬೇಕು ಸಾರ್” ಎಂದ ಶಿಷ್ಯ.

“ಹೊಳೆ ದಾಟಿದ್ರೆ ಹನ್ನೆರಡು ಕಿಲೋಮೀಟರು. ಹೈಸ್ಕೂಲಲ್ಲಿ ವಿಜ್ಞಾನದ ಮೇಡಂ. ಎಂಟು ಗಂಟೆ ಬಸ್ಸಿಗೆ ಹೊರಟ್ರೆ ಒಂಬತ್ತಕ್ಕೆ ಮುಂಚೆ ಹೋಗಬಹುದು.”

ಶಿಷ್ಯ ಬೆರಗಾದ. “ನಿಮಗೆ ಹೇಗೆ ಗೊತ್ತು?”

“ಏಳು ಸಲ ಹೋಗಿದ್ದೀನಿ.”

“ಏನಂದ್ಲು ಅವಳು?”

“ಗೇಟಿನ ಹೊರಗೆ ಒಂದು ಹೊಂಗೇಮರ ಇದೆ. ಅದರ ಕಟ್ಟೆ ಮೇಲೆ ಕೂರ್ತೀನಿ. ಒಳಗೆ ಪಾಠ ಮಾಡೋದು ಕೇಳ್ಸುತ್ತೆ. ಚೆನ್ನಾಗಿ ಮಾಡ್ತಾಳೆ. ಆಮೇಲೆ ಹನ್ನೊಂದು ಗಂಟೆ ಬಸ್ಸಿಗೆ ವಾಪಸು ಬಂದುಬಿಡ್ತೀನಿ.”

ಮರುದಿನ ಇಬ್ಬರೂ ಹೊರಟರು. ಮೊಸರು ಚೆನ್ನಾಗಿ ಹೆಪ್ಪುಗಟ್ಟಿತ್ತು. ಇಬ್ಬರಿಗೂ ಉಣ್ಣಬೇಕೆನಿಸಲಿಲ್ಲ.

ಬಸ್ಸಿನಲ್ಲಿ ಗುರುಗಳು ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ, ಹಾಗೇ ತಲೆಕೆಳಗಾಗಿ ಎರಡೂ ಕೈಯಲ್ಲಿ ಹಿಡಿದು ಕೂತರು. ಕಂಡಕ್ಟರನಿಗೆ ತಡೆಯಲಾಗಲಿಲ್ಲ.

“ಏನ್ ತಾತ, ಔಷಧೀನ ಉಲ್ಟಾ ಹಿಡ್ಕೊಂಡಿದ್ದೀರ? ಚೆಲ್ಲೋಗುತ್ತೆ.”

“ಇಪ್ಪತ್ತೆರಡು ವರ್ಷದಿಂದ ಚೆಲ್ಲಿಲ್ಲಪ್ಪ” ಎಂದರು ಗುರುಗಳು.

ಕಂಡಕ್ಟರು ಇಂದುಧರನ ಮುಖ ನೋಡಿದ, ಮುದುಕರಿಗೆ ತಲೆ ಸರಿಯಿದೆಯೇ ಎನ್ನುವಂತೆ. ಇಂದುಧರ ಕಿಟಕಿಯ ಕಡೆ ತಿರುಗಿಕೊಂಡ.

ಹೊಂಗೇಮರ ಬಂತು. ಗುರುಗಳ ಕಾಲು ತಾನಾಗಿ ಕಟ್ಟೆಯ ಕಡೆ ಎಳೆಯಿತು. ಶಿಷ್ಯ ಅವರ ಮೊಣಕೈ ಹಿಡಿದ. ಇಬ್ಬರೂ ಗೇಟು ದಾಟಿದರು.

ವಿಜ್ಞಾನದ ಕೋಣೆಯಲ್ಲಿ ಮಾದೇವಿ ಪ್ರನಾಳಗಳನ್ನು ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದಳು. ನಲವತ್ತೆಂಟು ವಯಸ್ಸು, ಅಲ್ಲಲ್ಲಿ ನರೆ. ಮೊದಲು ಗುರುಗಳ ಗುರುತು ಹತ್ತಿತು. ಕೈಯಲ್ಲಿದ್ದ ಪ್ರನಾಳವನ್ನು ಜೋಪಾನವಾಗಿ ಸಿಕ್ಕಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

“ಬನ್ನಿ ಸಾರ್. ಕೂತ್ಕೊಳ್ಳಿ. ನೀವೂ ಕೂತ್ಕೊಳ್ಳಿ ಇಂದುಧರ್.”

ಎರಡು ಸ್ಟೂಲು ಎಳೆದು ಹಾಕಿದಳು. ಫ್ಲಾಸ್ಕಿನಲ್ಲಿ ತನಗೆಂದು ತಂದ ಕಾಫಿಯನ್ನು ಎರಡು ಲೋಟಕ್ಕೆ ಹಂಚಿದಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

ಇಂದುಧರ ಕೂರಲಿಲ್ಲ.

“ಮಾದೇವಿ, ನಿಮ್ಮ ಸೀಸೆ ನಿಜ. ಚೈನಾಗ್ರಾಸ್ ಅಂದಿದ್ದು ಸುಳ್ಳು. ಅಂದೋನು ನಾನು.”

ಅವಳು ಅವನನ್ನೇ ನೋಡುತ್ತ ನಿಂತಳು. ಅವನು ಎಲ್ಲ ಹೇಳಿದ. ಎರಡನೇ ಶುದ್ಧಿ, ಮೂರನೇ ಶುದ್ಧಿ, ಎಳೆ ಕವಲೊಡೆಯುವುದು, ಹರಳು ಕೂರುವುದು. ಹೇಳುತ್ತ ಹೇಳುತ್ತ ಅವನ ದನಿ ಕಿರಿದಾಯಿತು.

“ಎರಡೇ ಶುದ್ಧಿ ಅಂತ ನನ್ನ ಲ್ಯಾಬ್ ಪುಸ್ತಕದಲ್ಲೇ ಬರೆದಿದ್ದೆನಲ್ಲ” ಎಂದಳು ಮಾದೇವಿ.

“ಓದಿದ್ದೆ. ಸೋಮಾರಿತನ ಅಂದ್ಕೊಂಡೆ.”

“ಸೋಮಾರಿತನ ಅಲ್ಲ. ಮೂರನೇ ಸಲಕ್ಕೆ ಮಾಲೇ ಉಳೀತಿರ್ಲಿಲ್ಲ. ನಮ್ಮನೇಲಿ ಒಂದು ಎಳೆ ಹಾಳಾದ್ರೂ ಅಪ್ಪ ಬೈತಿದ್ರು. ಆ ಬುದ್ಧಿ ನನಗೆ.”

ಇಂದುಧರ ಕಾಗದ ತೆಗೆದು, ಕೈಯಿಂದ ಬರೆದ ಆ ಎರಡು ಸಾಲು ಓದಿದ. ಈ ಫಲಿತಾಂಶವನ್ನು ಇಪ್ಪತ್ತೆರಡು ವರ್ಷದ ಹಿಂದೆ ಮೊದಲು ಕಂಡವರು ಮಾದೇವಿ. ಅವರು ಬೇರೇನೋ ಬೆರೆಸಿದ್ದಾರೆಂದು, ಪರೀಕ್ಷಿಸದೆ, ನಾನು ಸುಳ್ಳು ಆರೋಪ ಮಾಡಿದೆ.

ಹೊರಗೆ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುವ ಗದ್ದಲ ಕೇಳುತ್ತಿತ್ತು.

“ಅಚ್ಚು ಹಾಕ್ಸಿ” ಎಂದಳು ಮಾದೇವಿ. “ಬೇಡ ಅಂತ ದೊಡ್ಡತನ ತೋರಿಸೋಲ್ಲ. ಅದು ನನ್ನದು. ಆದ್ರೆ ತೋರಿಸೋಕೆ ಅಪ್ಪ ಇಲ್ಲ.”

ಇಂದುಧರ ಕಾಗದ ಮಡಿಸಿದ.

“ಚೈನಾಗ್ರಾಸ್ ಅಂದ್ರೆ ಏನು ಅಂತಾನೇ ನಮ್ಮನೇಲಿ ಗೊತ್ತಿರ್ಲಿಲ್ಲ. ಅಪ್ಪ ಅಂಗಡಿಗೆ ಹೋಗಿ ಕೇಳಿ ತಿಳ್ಕೊಂಡು ಬಂದ್ರು. ‘ಹಾಕಿದ್ಯಾ ಮಗಳೇ?’ ಅಂದ್ರು. ಇಲ್ಲ ಅಂದೆ. ಸುಮ್ಮನಾದ್ರು. ಮತ್ತೆ ಒಂದು ವರ್ಷ ಬಿಟ್ಟು ಕೇಳಿದ್ರು. ಸಾಯೋ ವಾರ ಆಸ್ಪತ್ರೇಲಿ ಮತ್ತೆ ಕೇಳಿದ್ರು. ನನ್ನ ಮೇಲೆ ಅನುಮಾನ ಇರ್ಲಿಲ್ಲ ಅವರಿಗೆ. ಅಷ್ಟು ಓದಿದೋರು ಸುಳ್ಳು ಹೇಳ್ತಾರಾ ಅನ್ನೋದೇ ಅವರ ಅನುಮಾನ.”

ಅವಳ ದನಿ ಏರಲಿಲ್ಲ. ಏರಿದ್ದರೆ ಇಂದುಧರನಿಗೆ ಎಷ್ಟೋ ಹಗುರಾಗುತ್ತಿತ್ತು.

ಗುರುಗಳು ಆಗ ಕರವಸ್ತ್ರ ಬಿಚ್ಚಿದರು. ಸೀಸೆಯನ್ನು ತಲೆಕೆಳಗಾಗಿಯೇ ಅವಳ ಮುಂದೆ ಹಿಡಿದರು.

ಅವಳು ಬಗ್ಗಿ ಚೀಟಿಯ ಮೇಲಿನ ತನ್ನ ಅಕ್ಷರ ನೋಡಿದಳು. ಮೇಲೆ ಅಂಟಿಕೊಂಡು ನಿಂತಿದ್ದ ಬಿಳಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

“ಇದನ್ನ ಯಾರೂ ನೇರ ಮಾಡ್ಲಿಲ್ವಾ?”

“ನಿನ್ನದಲ್ವೇನಮ್ಮ” ಎಂದರು ಗುರುಗಳು.

ಪ್ರಾರ್ಥನೆಯ ಗಂಟೆ ಹೊಡೆಯಿತು. ಒಂಬತ್ತಾಗಿತ್ತು.

ಮಾದೇವಿ ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಆ ಕೋಣೆಯಲ್ಲಿ ಮಾಡುತ್ತಿದ್ದಂತೆ ಬೆಳಕಿಗೆ ಎತ್ತಿ, ಮೆಲ್ಲಗೆ ನೇರ ಮಾಡಿದಳು. ಮುಚ್ಚಳದ ಬಳಿ ಇದ್ದ ಹನಿಗಳು ಇಳಿದು ಬಂದು ಜೆಲ್ಲಿನ ಮೇಲೆ ಕೂತವು. ಅದು ಅಲುಗಲಿಲ್ಲ.

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಸೀಸೆಯನ್ನು ಸ್ಟ್ಯಾಂಡಿನ ಪಕ್ಕದಲ್ಲಿಟ್ಟು ಗುರುಗಳ ಕಡೆ ತಿರುಗಿದಳು.

“ಇವರದ್ದು ಬಿಡಿ ಸಾರ್. ಇವರಿಗೆ ಪ್ರಬಂಧ ಇತ್ತು, ವಯಸ್ಸಿತ್ತು, ಹೆದರಿಕೆ ಇತ್ತು. ಫಲಿತಾಂಶ ಬರ್ಲಿಲ್ಲ ಅನ್ನೋದೂ ನನಗೆ ದೊಡ್ಡದಲ್ಲ, ಲ್ಯಾಬಲ್ಲಿ ಹಾಗೆಲ್ಲ ಆಗುತ್ತೆ. ನಾನು ಇಷ್ಟು ವರ್ಷ ಕೇಳಬೇಕು ಅಂತಿದ್ದಿದ್ದು ಒಂದೇ ಮಾತು. ನಿಮ್ಮನ್ನ.”

“ಕೇಳಮ್ಮ.”

“ಆವತ್ತು ನಾನು ಏನೂ ಹಾಕಿಲ್ಲ ಅಂದಾಗ ನನ್ನ ಮುಖಾನೇ ನೋಡಿದ್ರಿ. ಆಮೇಲೆ ರುಜು ಹಾಕಿದ್ರಿ. ನೀವು ನನ್ನ ನಂಬಲಿಲ್ಲ, ಹಾಗಾಗಿ ಹಾಕಿದ್ರಿ, ಅಂತ ನಾನು ಸಮಾಧಾನ ಮಾಡ್ಕೊಂಡಿದ್ದೀನಿ. ಅದು ಸರೀನಾ ಸಾರ್?”

ಇಂದುಧರನೂ ಗುರುಗಳ ಮುಖ ನೋಡಿದ. ಹೌದು ಎಂದರೆ ಮೂವರಿಗೂ ಸುಲಭವಿತ್ತು. ಹೊರಗೆ ಪ್ರಾರ್ಥನೆ ಶುರುವಾಯಿತು.

ಗುರುಗಳು ಸ್ಟೂಲಿನಿಂದ ಎದ್ದು ನಿಂತರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನಂಬಿದ್ದೆ ಕಣಮ್ಮ. ನಂಬಿಕೊಂಡೇ ರುಜು ಹಾಕ್ದೆ.”